ತಾರೀಖಿನ ಮುಳ್ಳು ಒಂದೇ ರಾತ್ರಿಗೆ ಎರಡು ಮನೆ ಹಾರುತ್ತೆ, ಯಾರಾದ್ರೂ ಹೇಳ್ರಪ್ಪ

ಕೀಲಿಕೈ: ಸಾಕಾಗಿ ಹೋಗಿದೆ. ಹಳೇ ಗೋಡೆ ಗಡಿಯಾರ, ಡಯಲ್ ಅಂಚಲ್ಲಿ 1ರಿಂದ 31, ತಾರೀಖಿಗೆ ಬೇರೆ ಮುಳ್ಳು. ಕೆಲವು ದಿನ ಸರಿಯಾಗೇ ಹೋಗುತ್ತೆ, ಕೆಲವು ದಿನ ಬೆಳಗ್ಗೆ ಎದ್ದು ನೋಡಿದ್ರೆ ಎರಡು ಮನೆ ಮುಂದೆ. ಬಿಚ್ಚಿ ಕ್ಲೀನ್ ಮಾಡ್ಸಿ ಎಣ್ಣೆನೂ ಹಾಕ್ಸಾಯ್ತು, ಏನೂ ಪ್ರಯೋಜನ ಇಲ್ಲ. ಬೆಲ್ ಲೆಕ್ಕನೂ ತಪ್ಪುತ್ತೆ, ಅದು ಬಿಡಿ, ಹಳೇ ಕಾಯಿಲೆ.

ಲೋಲಕರಾಯ: ತಿಂಗಳ ಕೊನೆಗೆ ಕೈಯಲ್ಲಿ ಸರಿ ಮಾಡೋ ಸಿಂಪಲ್ ಕ್ಯಾಲೆಂಡರಾ, ತಿಂಗಳ ದಿನ ತಾನೇ ಲೆಕ್ಕ ಹಾಕೋ ಪರ್ಪೆಚುಯಲ್ಲಾ ಅಂತ ಹೇಳೋದು ಬೇಡ್ವಾ? ಯಾವ್ದಾದ್ರೂ ಆಗ್ಲಿ, ಇದು ಜಂಪರ್ ಸ್ಪ್ರಿಂಗೇ. 31 ಹಲ್ಲಿನ ಚಕ್ರನ ಒಂದೊಂದೇ ಹಲ್ಲಿಗೆ ಹಿಡಿದು ನಿಲ್ಸೋದು ಅದೇ, ಸಡಿಲ ಆದ್ರೆ ಚಕ್ರ ಹೆಚ್ಚಿಗೆ ಓಡುತ್ತೆ. ಸ್ವಲ್ಪ ಬಗ್ಗಿಸಿ ಬಿಗಿ ಮಾಡಿ.

ಕೀಲಿಕೈ: 30ಕ್ಕೆ ಮುಗಿಯೋ ತಿಂಗಳಲ್ಲಿ ನಾನೇ ಕೈಯಲ್ಲಿ 1ಕ್ಕೆ ತರ್ಬೇಕು, ಅಂದ್ರೆ ಸಿಂಪಲ್ಲೇ ತಾನೆ. ಬಿಗಿ ಮಾಡಿ ನೋಡ್ತೀನಿ.

ಕೀಲಿಕೈ: ಮಾಡ್ದೆ. ಈಗ ತಾರೀಖು ಬದಲಾಗೋ ಹೊತ್ತಿಗೆ ಗಡಿಯಾರನೇ ನಿಂತು ಹೋಗುತ್ತೆ!!

ಲೋಲಕರಾಯ: ಹಾಗಾದ್ರೆ ಒಂಚೂರು ಜಾಸ್ತಿ ಆಗಿದೆ, ಅರ್ಧ ವಾಪಸ್ ಬಗ್ಗಿಸಿ. ಜಂಪರೇ, ಡೌಟೇ ಇಲ್ಲ.

ಹಿತ್ತಾಳೆಪ್ರಿಯ: ನನ್ನ ಇಥಾಕಾದಲ್ಲಿ (ಅಮೆರಿಕದ ಇಥಾಕಾ ಕಂಪನಿಯ ಹಳೇ ಕ್ಯಾಲೆಂಡರ್ ಗಡಿಯಾರ) ಈ ರಗಳೆನೇ ಇಲ್ಲ. ಟೈಮಿಗೊಂದು ತಾರೀಖಿಗೊಂದು ಡಬಲ್ ಡಯಲ್, ಹಾರ್ಟನ್ ಅವರ 1865ರ ಪೇಟೆಂಟು, ಫೆಬ್ರವರಿ 29 ಸಮೇತ ಅದೇ ನೋಡ್ಕೊಳ್ಳುತ್ತೆ, ನಾನು ಮುಟ್ಟೋದೇ ಇಲ್ಲ.

ಹಲ್ಲುಚಕ್ರ: ನಾಲ್ಕು ವರ್ಷಕ್ಕೊಮ್ಮೆ 29 ತೋರ್ಸೋದಷ್ಟೇ ಅದಕ್ಕೆ ಗೊತ್ತು. 1900 ಲೀಪ್ ಇಯರ್ ಅಲ್ಲ, ಆಗ ಓಡ್ತಿದ್ದ ಇಥಾಕಾನೆಲ್ಲ ಜನ ಕೈಯಲ್ಲೇ ಸರಿ ಮಾಡ್ಕೋಬೇಕಾಗಿತ್ತು. 2100ಕ್ಕೂ ಅದೇ ಕತೆ.

ಹಿತ್ತಾಳೆಪ್ರಿಯ: 2100ಕ್ಕೆ ನೀವೇ ಬಂದು ಸರಿ ಮಾಡ್ಕೊಡಿ ಸಾರ್.

ಹಲ್ಲುಚಕ್ರ: ಅದಿರ್ಲಿ. ಕೀಲಿಕೈ ಅವ್ರೇ, ಬೆಲ್ ಹೇಗೆ ತಪ್ಪುತ್ತೆ? ಟೈಮ್ ಮುಂದೆ ಹೋಗುತ್ತಾ?

ಕೀಲಿಕೈ: ರಾತ್ರಿ 12ಕ್ಕೆ ಒಂದೇ ಏಟು ಹೊಡೆಯುತ್ತೆ, ದಿನಾ ಅಲ್ಲ. ಟೈಮ್ ಅಂತೂ ವಾರಕ್ಕೆ ಒಂದು ಗಂಟೆ ಮೇಲೇ ಮುಂದೆ ಹೋಗಿರುತ್ತೆ, ಕೀ ಕೊಡೋ ರಾತ್ರಿ ಮಲಗೋಕೆ ಮುಂಚೆ ದೊಡ್ಡ ಮುಳ್ಳನ್ನ ಹಿಂದಕ್ಕೆ ತಿರುಗಿಸಿ ಸರಿ ಮಾಡ್ತೀನಿ, ಎಲ್ರೂ ಮಾಡೋದೇ ಅಲ್ವಾ. ಅದಕ್ಕೂ ತಾರೀಖಿಗೂ ಏನ್ ಸಂಬಂಧ?

ಹಲ್ಲುಚಕ್ರ: ಅದೇ ಸಂಬಂಧ! ಗಂಟೆ ಚಕ್ರದಿಂದ ಅರ್ಧ ಸ್ಪೀಡಲ್ಲಿ ಓಡೋ ಇನ್ನೊಂದು ಚಕ್ರ ಇದೆ, 24 ಗಂಟೆಗೆ ಒಂದು ಸುತ್ತು, ಅದರ ಮೇಲಿನ ಬೆರಳು ನಡುರಾತ್ರಿ ಒಂದು ಹಲ್ಲು ತಳ್ಳುತ್ತೆ. ನೀವು ಮಲಗೋದು 11ಕ್ಕೆ ಅಂದ್ಕೊಳ್ಳಿ, ಗಡಿಯಾರದಲ್ಲಿ ಆಗ್ಲೇ 12 ದಾಟಿರುತ್ತೆ, ತಾರೀಖೂ ಬದಲಾಗಿ 12 ಏಟೂ ಮುಗಿದಿರುತ್ತೆ, ನೀವು ಹಿಂದಕ್ಕೆ ತಂದ್ರಿ, ನಿಜವಾದ 12ಕ್ಕೆ ಬೆರಳು ಮತ್ತೆ ತಳ್ತು, ಬೆಲ್ ಮುಳ್ಳು ಎಲ್ಲಿದೆ ಅಂತ ನೋಡದೆ ತನ್ನ ಲೆಕ್ಕದಲ್ಲಿ 12 ಆದ್ಮೇಲಿನ ಒಂದು ಹೊಡೀತು. ಎಲ್ಲಾ ಕೂಡಿ ಬರುತ್ತೆ. ಜಂಪರ್‌ನ ಮೊದಲಿದ್ದ ಹಾಗೇ ಬಗ್ಗಿಸಿಬಿಡಿ, ಪಾಪ ಅದರದ್ದೇನೂ ತಪ್ಪಿಲ್ಲ. ಲೋಲಕದ ಕೆಳಗಿನ ನಟ್ ತಿರುಗಿಸಿ ಗುಂಡು ಕೆಳಗಿಳಿಸಿ, ಓಟ ನಿಧಾನ ಆಗುತ್ತೆ. ಹಿಂದಕ್ಕೆ ತಿರುಗಿಸೋದನ್ನ ಬಿಡಿ, ಮುಂದೆ ಹೋಗಿದ್ರೆ ಲೋಲಕ ನಿಲ್ಸಿ ಟೈಮ್ ಬರೋವರೆಗೂ ಕಾಯಿರಿ.

ಲೋಲಕರಾಯ: ತಪ್ಪು. ಬೆರಳು ಗಟ್ಟಿ ಪಿನ್ ಆದ್ರೆ ಹಿಂದೆ ತಿರುಗಿಸಿದಾಗ ತಾರೀಖನ್ನೂ ಹಿಂದಕ್ಕೆ ಎಳ್ಕೊಂಡು ಬರುತ್ತೆ, ಇಲ್ಲಾ ಅಲ್ಲೇ ಸಿಕ್ಕಾಕೊಳ್ಳುತ್ತೆ. ಎರಡು ಹೇಗ್ ಹಾರುತ್ತೆ?

ಹಲ್ಲುಚಕ್ರ: ಕೀಲಿರೋ ಬೆರಳಾದ್ರೆ ಹಿಂದೆ ಬರುವಾಗ ಹಲ್ಲಿನ ಮೇಲೆ ಮಡಚ್ಕೊಂಡು ಜಾರುತ್ತೆ, ಮುಂದೆ ಹೋಗುವಾಗ ಮಾತ್ರ ತಳ್ಳುತ್ತೆ. ಇವರದ್ದು ಅಂಥದ್ದೇ ಇರ್ಬೇಕು. ಡಯಲ್ ತೆಗೆದು ಬೆರಳಿನ ಬುಡದ ಫೋಟೋ ಹಾಕ್ಲಿ, ಗೊತ್ತಾಗುತ್ತೆ.

ಲೋಲಕರಾಯ: ಫೋಟೋ ಬರ್ಲಿ. ನಾನಂತೂ ಜಂಪರ್ ಅಂತಾನೇ ಹೇಳೋದು.

ಕೀಲಿಕೈ: ಡಯಲ್ ಬರ್ಬೇಕಂದ್ರೆ ಮುಳ್ಳು ತೆಗೀಬೇಕು, ಮುಳ್ಳಿನ ಮುಂದಿರೋ ಚೂಪು ಪಿನ್ ಅಲ್ಲಾಡ್ತಾನೇ ಇಲ್ಲ.

ಹಲ್ಲುಚಕ್ರ: ಸಣ್ಣ ತುದಿ ಕಡೆಯಿಂದ ತಳ್ಳಿ, ದಪ್ಪ ತುದಿ ಕಡೆಯಿಂದ ತಳ್ಳಿದ್ರೆ ಇನ್ನೂ ಬಿಗಿಯಾಗುತ್ತೆ.

ಹಿತ್ತಾಳೆಪ್ರಿಯ: ಇಥಾಕಾದ ವಾರ ತಿಂಗಳಿನ ರೋಲರ್ ಫೋಟೋ ಹಾಕ್ಲಾ? ಮೂಲ ಕಾಗದನೇ ಇದೆ.

ಲೋಲಕರಾಯ: ಬೇರೆ ಥ್ರೆಡ್ ಮಾಡಿ ಸ್ವಾಮಿ.