ಸಹಾಯ ಬೇಕು: ಒಳ್ಳೇ ಎಲೆ ಕೈಯಲ್ಲಿದ್ದರೂ ಪ್ಯಾಕ್ ಆಗೋದು ಯಾವಾಗ?

ಪೋಕರ್ ಬಲ್ಲವರು ದಯವಿಟ್ಟು ಹೇಳಿ. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿ ಟೆಕ್ಸಾಸ್ ಹೋಲ್ಡೆಮ್ (ಕೈಗೆ ಎರಡೆರಡು ಎಲೆ, ನೆಲದಲ್ಲಿ ಎಲ್ಲರಿಗೂ ಸೇರಿ ಐದು ಎಲೆ ಬರುವ ಪೋಕರ್) ಆಡ್ತೇವೆ. ದುಡ್ಡಿಲ್ಲ, ಗೋಟಡಿಕೆ ಇಟ್ಟು ಮಾತ್ರ.

ನನ್ನ ಕೈಯಲ್ಲಿ ಎರಡು ಎಂಟು. ನೆಲಕ್ಕೆ ಬಂದದ್ದು ಆಟಿನ್ ಎಂಟು, ಆಟಿನ್ ಒಂಬತ್ತು, ಇಸ್ಪೀಟ್ ರಾಜ. ಮೂರು ಎಂಟು! ನಾಲ್ಕನೇ ಎಲೆ ಆಟಿನ್ ಎರಡು. ಅಲ್ಲಿವರೆಗೆ ಸುಮ್ಮನೆ ಕಾಲ್ ಮಾಡ್ತಿದ್ದ (ನಾನಿಟ್ಟಷ್ಟೇ ಇಡ್ತಿದ್ದ) ಭಾವ, ಉಳಿದ 40 ಅಡಿಕೆಯನ್ನೂ ಒಮ್ಮೆಲೇ ಮುಂದೆ ದೂಡಿದರು. ಮಧ್ಯದಲ್ಲಿ 60 ಆಯ್ತು. ನಾನು ಬಿಟ್ಟೆ, ಅವರು ಎಲೆ ತೋರಿಸಲಿಲ್ಲ.

ಅವರಿಗೆ ಫ್ಲಶ್ (ಇಲ್ಲಿ ಐದು ಆಟಿನ್) ಆಗಿದ್ದರೆ, ನೆಲದ ಎಲೆಯೊಂದು ಜೋಡಿಯಾದರೆ ಅಥವಾ ಕೊನೇ ಎಂಟು ಬಂದರೆ ಮಾತ್ರ ನನಗೆ ಗೆಲುವು. ಕಾಣದ 46 ಎಲೆಗಳಲ್ಲಿ ಹೆಚ್ಚೆಂದರೆ 10, ಅಂದರೆ ಸುಮಾರು ಶೇ. 22. 40 ಕೊಟ್ಟು 100ರ ರಾಶಿಗೆ ಆಡೋಕೆ ಶೇ. 40 ಬೇಕು. ಲೆಕ್ಕ ಇಷ್ಟು ಸ್ಪಷ್ಟ. ಆದರೆ ರಾಜ-ಒಂಬತ್ತರ ಎರಡು ಜೋಡಿ ಇದ್ದರೂ ಭಾವ ಹೀಗೇ ದೂಡೋರು! ಪ್ರತಿ ಸಲ ಬಿಡ್ತಾ ಹೋದರೆ ಹೆದರಿಸಿಯೇ ಗೆಲ್ತಾರೆ.

ಎದುರಿನವರ ಹಿಂದಿನ ಆಟಕ್ಕೆ ಎಷ್ಟು ಬೆಲೆ ಕೊಡ್ತೀರಿ? ಮೂರನೇ ಆಟಿನ್ ಕೊನೇ ಎಲೆಯಾಗಿ ಬಂದಿದ್ದರೆ ನಿಮ್ಮ ನಿರ್ಧಾರ ಬದಲಾಗ್ತಿತ್ತಾ? ಕಾರಣ ಸಹಿತ ಬರೆಯಿರಿ. ದುಡ್ಡಿನ ಆಟದ ಆಪ್ ಲಿಂಕ್ ಖಂಡಿತ ಬೇಡ.