ಸಹಾಯ ಬೇಕು: ಅಭ್ಯಾಸ ಬೆಳೆಸುವ ಗೇಮ್‌ನಲ್ಲಿ ತಪ್ಪಿದ ದಿನಕ್ಕೆ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ನಾನೊಂದು ಮೊಬೈಲ್ ಗೇಮ್ ಮಾಡುತ್ತಿದ್ದೇನೆ. ಆಡುವವರು ನಿಜವಾಗಿ ನಡೆದರೆ, ಹೊತ್ತಿಗೆ ಸರಿಯಾಗಿ ಮಲಗಿದರೆ, ಒಂದೆರಡು ಪುಟ ಓದಿದರೆ ಗೇಮ್‌ನ ಪುಟ್ಟ ದ್ವೀಪದಲ್ಲಿ ಗಿಡ ಚಿಗುರುತ್ತದೆ.

ತೊಡಕಾಗಿರುವುದು ತಪ್ಪಿದ ದಿನದ್ದು. ಈಗ ಒಂದು ದಿನ ಬಿಟ್ಟರೂ ಎಲೆ ಹಳದಿಯಾಗಿ, ಸ್ಟ್ರೀಕ್ (ಬಿಡದೆ ಸತತವಾಗಿ ಮಾಡಿದ ದಿನಗಳ ಲೆಕ್ಕ) ಸೊನ್ನೆಗೆ ಇಳಿಯುತ್ತದೆ. ಆಡಿ ನೋಡಲು ಕೊಟ್ಟಿದ್ದ ಗೆಳತಿಗೆ ನಡುವೆ ಜ್ವರ ಬಂತು. ಚೇತರಿಸಿಕೊಂಡು ತೆರೆದಾಗ ಕಂಡಿದ್ದು ಆ ದೊಡ್ಡ ಸೊನ್ನೆ. ಅವತ್ತೇ ಗೇಮ್ ತೆಗೆದುಹಾಕಿದಳು. ಹುಷಾರಿಲ್ಲದವರಿಗೆ ಶಿಕ್ಷೆ ಕೊಡುವ ಗೇಮ್ ನನಗಂತೂ ಬೇಡ. ಲಂಡನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ, ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರಲು ದೊಡ್ಡ ಅಡ್ಡಿಯಿಲ್ಲ ಅಂತಲೇ ಕಂಡುಬಂತು.

ಸ್ಟ್ರೀಕ್ ಪೂರ್ತಿ ತೆಗೆದು, ಒಟ್ಟು ಎಷ್ಟು ದಿನ ಮಾಡಿದರು ಅಂತ ಮಾತ್ರ ತೋರಿಸಲೇ? ಅಥವಾ ವಾರಕ್ಕಿಷ್ಟು ರಜೆ ಇಡಲೇ? ರಜೆಯೇ ಒಳ್ಳೇದು ಅಂತ ನನಗನ್ನಿಸುತ್ತದೆ, ಆದರೆ ಆಡುವವರು ಅದನ್ನೂ ಸುಮ್ನೆ ಕೂಡಿಡಲು ಶುರು ಮಾಡಬಹುದು.

ಇನ್ನೊಂದು ವಿಷಯ. ನಾಣ್ಯ, ಪದಕ ಜಾಸ್ತಿಯಾದರೆ ನಡೆಯುವ ಖುಷಿಯೇ ಹೋಗಿಬಿಡುತ್ತದೆ ಅನ್ನುವ ಭಯವಿದೆ. ಬಹುಮಾನವನ್ನು ನಿಧಾನಕ್ಕೆ ಕಡಿಮೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ? ಯಾವ ಹಂತದಲ್ಲಿ ಇಳಿಸಿದಿರಿ, ಜನ ಬಿಟ್ಟುಹೋದರಾ, ದಯವಿಟ್ಟು ತಿಳಿಸಿ. ಟೆಸ್ಟ್ ವರ್ಷನ್ ಆಡಿ ನೋಡುವವರಿದ್ದರೆ ಕೆಳಗೆ ಹೇಳಿ, ಲಿಂಕ್ ಕಳಿಸುತ್ತೇನೆ.