ಯುದ್ಧದ ಸುದ್ದಿ ಓದುತ್ತಾ ಇಂಗ್ಲಿಷ್ ಕಲಿತವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಪತ್ರಿಕೆಯ ವಿದೇಶ ಪುಟವನ್ನು ತಪ್ಪದೆ ಓದಿದರೆ ಪದಸಂಪತ್ತು ಬೆಳೆಯುತ್ತದೆ ಎಂದು ಕೇಳಿ, ಉಕ್ರೇನ್ ಮತ್ತು ಗಾಜಾ ಸುದ್ದಿಗಳನ್ನು ಓದತೊಡಗಿದ್ದೇನೆ. ಸಾಲುಸಾಲಿಗೂ ಹೊಸ ಪದ. ನಿಘಂಟು ನೋಡಿ ಬರೆದಿಟ್ಟದ್ದು ಸ್ವಲ್ಪ ದಿನಕ್ಕೇ ಮರೆತುಹೋಗುತ್ತದೆ. ಹೀಗೆ ಕಲಿತವರು ಹೇಗೆ ಓದಿದಿರಿ? ನಿಜಕ್ಕೂ ಏನಾದರೂ ದಕ್ಕಿತೇ?

ಸುದ್ದಿಮನೆಯಿಂದ ಒಬ್ಬರು

ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ಇಳಿಸುವುದೇ ನನ್ನ ಕೆಲಸ. ಮೊದಲು ಆ ಪದಪಟ್ಟಿಯ ಪುಸ್ತಕ ಮುಚ್ಚಿಡಿ. ಎರಡು ಯುದ್ಧಗಳನ್ನು ಒಟ್ಟಿಗೆ ಓದುವುದನ್ನೂ ಸದ್ಯಕ್ಕೆ ಬಿಡಿ. ಒಂದನ್ನೇ ಹಿಡಿದು ಬೆನ್ನು ಬಿಡದೆ ಓದಿ. ಯುದ್ಧದ ವರದಿಯಲ್ಲಿ ಊರು, ದಿನ, ಸಂಖ್ಯೆ ಬದಲಾಗುತ್ತವೆ. ಪದಗಳು ಮಾತ್ರ ಹೆಚ್ಚುಕಡಿಮೆ ಅವೇ. ‘ಶೆಲ್ಲಿಂಗ್’ ಎಂದರೇನು, ‘ಇಂಟರ್‌ಸೆಪ್ಟ್’ ಎಂದರೇನು ಎಂದು, ಮತ್ತೆ ಮತ್ತೆ ಕಂಡ ಮೇಲೆ, ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಇನ್ನೊಂದು ಉಪಾಯ: ವರದಿಯನ್ನು ಕೆಳಗಿನಿಂದ ಓದಿ. ಹೊಸ ಬೆಳವಣಿಗೆ ಮೇಲಿರುತ್ತದೆ, ಹಿನ್ನೆಲೆ ಕೊನೆಯ ಪ್ಯಾರಾಗಳಲ್ಲಿರುತ್ತದೆ. 2022ರ ಫೆಬ್ರುವರಿ 24ರಂದು ರಷ್ಯಾ ಪಡೆಗಳು ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಆರಂಭಿಸಿದವು ಎಂಬಂಥ ವಾಕ್ಯ ನಿಮಗೆ ಕನ್ನಡದಲ್ಲಿ ಆಗಲೇ ಗೊತ್ತು. ಗೊತ್ತಿರುವ ಸಂಗತಿ ಇಂಗ್ಲಿಷಿನಲ್ಲಿ ಹೇಗೆ ಕುಳಿತಿದೆ ಎಂದು ನೋಡಿಕೊಂಡು ಮೇಲಕ್ಕೆ ಹೋದರೆ ಭಾರ ಅರ್ಧ ಇಳಿಯುತ್ತದೆ.

ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಸಂಗಡಿಗರೊಂದಿಗೆ ಬರೆದುಕೊಳ್ಳಿ. ‘ಸೀಸ್‌ಫೈರ್’ ಎಂದರೆ ಕದನ ವಿರಾಮ ಎಂದು ಬರೆದಿಟ್ಟರೆ ಸಿಕ್ಕಿದ್ದು ಒಂದು ಪದ. ಮೂರನೆಯ ದೇಶವೊಂದು ಅದನ್ನು ‘ಬ್ರೋಕರ್’ ಮಾಡುತ್ತದೆ, ಎರಡೂ ಕಡೆಯವರು ‘ಅಗ್ರೀ ಟು’ ಎನ್ನುತ್ತಾರೆ, ನಾಲ್ಕು ದಿನ ಅದು ‘ಹೋಲ್ಡ್’ ಆಗುತ್ತದೆ, ಯಾರೋ ‘ವಯಲೇಟ್’ ಮಾಡುತ್ತಾರೆ, ಕೊನೆಗೆ ‘ಕೊಲ್ಯಾಪ್ಸ್’ ಆಗುತ್ತದೆ. ಅಷ್ಟನ್ನೂ ಒಂದೇ ಕಡೆ ಬರೆದುಕೊಂಡರೆ ಕೈಯಲ್ಲಿ ಇಡೀ ಕಥೆ ಇರುತ್ತದೆ. ಕಥೆ ಮರೆಯುವುದಿಲ್ಲ.

‘ಟ್ರೂಸ್’, ‘ಆರ್ಮಿಸ್ಟಿಸ್’ ಎಂಬ ಅದರ ದಾಯಾದಿಗಳು ಬಂದಾಗ ಘಟನೆಯೊಂದನ್ನು ಕಟ್ಟಿ ಇಟ್ಟುಕೊಳ್ಳಿ. 1914ರ ಕ್ರಿಸ್‌ಮಸ್ ಹೊತ್ತಿಗೆ ಮೊದಲ ಮಹಾಯುದ್ಧದ ಪಶ್ಚಿಮ ರಂಗದ ಕೆಲವೆಡೆ ಸೈನಿಕರು ತಾವಾಗಿಯೇ ಬಂದೂಕು ಕೆಳಗಿಟ್ಟದ್ದು ಟ್ರೂಸ್. ಕೊರಿಯಾ ಯುದ್ಧದ ಕಾದಾಟ ನಿಲ್ಲಿಸಲು 1953ರ ಜುಲೈ 27ರಂದು ಪನ್ಮುಂಜೋಮ್‌ನಲ್ಲಿ ಸಹಿಯಾದದ್ದು ಆರ್ಮಿಸ್ಟಿಸ್. ಅದರ ನಂತರ ಬರಬೇಕಿದ್ದ ಶಾಂತಿ ಒಪ್ಪಂದ ಕೊರಿಯಾಕ್ಕೆ ಇನ್ನೂ ಬಂದಿಲ್ಲ.

‘ಕ್ಯಾಶುವಾಲ್ಟಿ’ ವಿಷಯದಲ್ಲಿ ಎಚ್ಚರ. ಸತ್ತವರು ಮಾತ್ರ ಎಂದುಕೊಂಡು ಓದುವವರು ಬಹಳ. ಗಾಯಾಳುಗಳೂ ಅದರೊಳಗಿದ್ದಾರೆ, ಸೈನ್ಯದ ಲೆಕ್ಕದಲ್ಲಾದರೆ ಸೆರೆಸಿಕ್ಕವರು, ಕಾಣೆಯಾದವರೂ ಸೇರಬಹುದು. ನಮ್ಮ ಪತ್ರಿಕೆಗಳ ‘ಸಾವುನೋವು’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಸತ್ತವರ ಸಂಖ್ಯೆಯಷ್ಟೇ ಬೇಕಿದ್ದರೆ ‘ಡೆತ್ ಟೋಲ್’ ಹುಡುಕಿ.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿರುವವರು

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಅದು ಓದುವವರಿಗೆ. ಪ್ರಬಂಧ ಪತ್ರಿಕೆಗೆ ಈ ಓದು ನನಗೆ ತುಂಬಾ ನೆರವಾಯಿತು. ಮಾತನಾಡಲು ಮಾತ್ರ ಏನೂ ದಕ್ಕಲಿಲ್ಲ. ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದವರ ಮುಂದೆ ಕ್ಷಿಪಣಿಯ ಇಂಗ್ಲಿಷ್ ಯಾವ ಕೆಲಸಕ್ಕೂ ಬರುವುದಿಲ್ಲ!

ಹಾಗಾಗಿ ಪದಗಳನ್ನು ಸೋಸಬೇಕು. ರಣರಂಗ ಬಿಟ್ಟು ಹೊರಗೂ ಓಡಾಡುವ ಪದ ಯಾವುದು ಎಂದು ಕೇಳಿಕೊಳ್ಳಿ. ‘ಎಸ್ಕಲೇಟ್’ ಸಂಘರ್ಷಕ್ಕೂ ಸಲ್ಲುತ್ತದೆ, ಗ್ರಾಹಕರ ದೂರನ್ನು ಮೇಲಧಿಕಾರಿಗೆ ಒಯ್ಯುವುದಕ್ಕೂ ಸಲ್ಲುತ್ತದೆ. ‘ಡಿಪ್ಲಾಯ್’ ಸೈನ್ಯಕ್ಕೂ ಹೌದು, ಸಾಫ್ಟ್‌ವೇರ್‌ಗೂ ಹೌದು. ‘ಬ್ರೀಚ್’, ‘ನೆಗೋಷಿಯೇಟ್’, ‘ಸ್ಟೇಲ್‌ಮೇಟ್’ ಇವೂ ಹಾಗೆಯೇ. ‘ಹೋವಿಟ್ಜರ್’ ಒಂದು ಬಗೆಯ ಫಿರಂಗಿ ಎಂದು ತಿಳಿದರೆ ಸಾಕು, ಮುಂದೆ ಹೋಗಿ. ‘ಸ್ಯಾಂಕ್ಷನ್’ ಬಂದರೆ ಮಾತ್ರ ನಿಂತು ನೋಡಿ. ಒಂದು ದೇಶದ ಮೇಲೆ ಹೇರಿದರೆ ನಿರ್ಬಂಧ, ಬ್ಯಾಂಕಿನವರು ಸಾಲಕ್ಕೆ ಕೊಟ್ಟರೆ ಮಂಜೂರಾತಿ.

ಇಂಗ್ಲಿಷ್ ಮೇಷ್ಟ್ರೊಬ್ಬರು

ಇಲ್ಲಿ ಎಲ್ಲರೂ ದೊಡ್ಡ ಪದಗಳ ಹಿಂದೆ ಬಿದ್ದಿದ್ದೀರಿ. ಯುದ್ಧದ ವರದಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಅಡಿಗೆರೆ ಹಾಕಿಸುವುದು ‘ಸೆಡ್’, ‘ಕ್ಲೇಮ್ಡ್’, ‘ಡಿನೈಡ್’, ‘ಕನ್‌ಫರ್ಮ್ಡ್’, ‘ಅಲೆಜೆಡ್ಲಿ’ ಎಂಬ ಬಡಪಾಯಿಗಳಿಗೆ. ಸೈನ್ಯ ‘ಕ್ಲೇಮ್’ ಮಾಡಿದೆ ಎಂದು ಬರೆದ ವರದಿಗಾರ ಆ ಮಾತಿನ ಹೊಣೆ ಹೊತ್ತಿಲ್ಲ. ನಮ್ಮ ‘ಎನ್ನಲಾಗಿದೆ’, ‘ಎಂದು ಹೇಳಿಕೊಂಡಿದೆ’ ಮಾಡುವ ಕೆಲಸವೇ ಅದು. ಕರ್ಮಣಿ ಪ್ರಯೋಗವನ್ನೂ ಗಮನಿಸಿ. ದಾಳಿಯಲ್ಲಿ ಇಷ್ಟು ಜನ ಕೊಲ್ಲಲ್ಪಟ್ಟರು ಎಂಬ ವಾಕ್ಯದಲ್ಲಿ ಕೊಂದವರು ಯಾರು? ಕೆಲವೊಮ್ಮೆ ಅದು ಇನ್ನೂ ಖಚಿತವಾಗಿರುವುದಿಲ್ಲ, ಕೆಲವೊಮ್ಮೆ ಹೇಳುವ ಮನಸ್ಸೇ ಇರುವುದಿಲ್ಲ. ಒಂದೇ ಘಟನೆಯ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕ್ರಿಯಾಪದಗಳನ್ನಷ್ಟೇ ಹೋಲಿಸಿ. ಇದಕ್ಕಿಂತ ಒಳ್ಳೆಯ ವ್ಯಾಕರಣ ಪಾಠ ನನಗೆ ಗೊತ್ತಿಲ್ಲ.

ಈ ಲೋಕದಲ್ಲಿ ಪದವನ್ನು ತೂಗಿಯೇ ಬಳಸುತ್ತಾರೆ. 1962ರಲ್ಲಿ ಕ್ಯೂಬಾಕ್ಕೆ ಸೋವಿಯತ್ ಶಸ್ತ್ರಾಸ್ತ್ರ ಹೊತ್ತ ಹಡಗುಗಳು ಹೋಗದಂತೆ ಅಮೆರಿಕದ ನೌಕಾಪಡೆ ತಡೆಯೊಡ್ಡಿತು. ಅಧ್ಯಕ್ಷ ಕೆನಡಿ ಅದನ್ನು ‘ಬ್ಲಾಕೇಡ್’ ಎನ್ನದೆ ‘ಕ್ವಾರಂಟೈನ್’ ಎಂದರು. ಬ್ಲಾಕೇಡ್ ಎಂದರೆ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಯುದ್ಧದ ಕೃತ್ಯವೇ ಆಗಿಬಿಡುತ್ತಿತ್ತು.

ಇನ್ನು ನಮ್ಮನ್ನು ಸದಾ ಕಾಡುವ ‘ದಿ’. ಕನ್ನಡದಲ್ಲಿ ಅಂಥದ್ದೊಂದು ಇಲ್ಲದ ಕಾರಣ ಅದನ್ನು ನಾವು ಉಪ್ಪಿನ ಹರಳಿನಂತೆ ಕಂಡಕಂಡಲ್ಲಿ ಉದುರಿಸುತ್ತೇವೆ. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿದ 242ನೆಯ ನಿರ್ಣಯ, ‘ಇತ್ತೀಚಿನ ಸಂಘರ್ಷ’ದಲ್ಲಿ, ಅಂದರೆ ಅದೇ ವರ್ಷದ ಜೂನ್ ಯುದ್ಧದಲ್ಲಿ, ಆಕ್ರಮಿಸಿದ ‘ಟೆರಿಟರೀಸ್’ನಿಂದ ಇಸ್ರೇಲ್ ಪಡೆಗಳು ಹಿಂದೆ ಸರಿಯಬೇಕು ಎನ್ನುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಆ ಪದಕ್ಕೆ ಮೊದಲು ‘ದಿ’ ಇಲ್ಲ. ಹಾಗಾದರೆ ಆಕ್ರಮಿಸಿದ ಎಲ್ಲ ಪ್ರದೇಶಗಳಿಂದಲೋ ಕೆಲವದರಿಂದಲೋ? ಅದೇ ನಿರ್ಣಯದ ಫ್ರೆಂಚ್ ಪಠ್ಯವನ್ನು ಓದಿದರೆ ಎಲ್ಲ ಪ್ರದೇಶಗಳೂ ಎಂಬ ಅರ್ಥ ಬರುತ್ತದೆ ಎಂದು ವಾದಿಸುವವರಿದ್ದಾರೆ. ಆ ಜಗಳ ಇಂದಿಗೂ ಮುಗಿದಿಲ್ಲ. ‘ದಿ’ ಇದ್ದರೇನು ಬಿಟ್ಟರೇನು ಎನ್ನುವ ವಿದ್ಯಾರ್ಥಿಗಳಿಗೆ ನಾನು ತೋರಿಸುವುದು ಇದೊಂದನ್ನೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನೀವು ಹೇಳಿದ ಹೋಲಿಕೆಯನ್ನು ಇಂದೇ ಮಾಡಿ ನೋಡುತ್ತೇನೆ. ಒಂದು ಸಣ್ಣ ಸಂದೇಹ: ವರದಿ ಹೇಗೋ ಅರ್ಥವಾಗುತ್ತದೆ, ಶೀರ್ಷಿಕೆಯೇ ತಲೆಗೆ ಹತ್ತುವುದಿಲ್ಲ. ಏಕೆ?

ಸುದ್ದಿಮನೆಯವರು

ಶೀರ್ಷಿಕೆಗೆ ಜಾಗ ಕಡಿಮೆ, ಆದ್ದರಿಂದ ವ್ಯಾಕರಣವೇ ಬೇರೆ. ನಿನ್ನೆ ನಡೆದದ್ದಕ್ಕೆ ವರ್ತಮಾನ ಕಾಲ, ನಾಳೆ ನಡೆಯುವುದಕ್ಕೆ ‘ಟು’ ಹಚ್ಚಿದ ಕ್ರಿಯಾಪದ. ‘ಲೀಡರ್ಸ್ ಟು ಮೀಟ್’ ಎಂದರೆ ನಾಯಕರು ಭೇಟಿಯಾಗಲಿದ್ದಾರೆ ಎಂದು. ‘ಈಸ್’, ‘ಆರ್’ಗಳನ್ನು ನಾವೇ ಕಿತ್ತುಹಾಕಿರುತ್ತೇವೆ. ‘ವೌ’ (ಶಪಥ ಮಾಡು), ‘ಸ್ಲ್ಯಾಮ್’ (ಕಟುವಾಗಿ ಟೀಕಿಸು), ‘ಬಿಡ್’ (ಪ್ರಯತ್ನ), ‘ಪ್ಯಾಕ್ಟ್’ (ಒಪ್ಪಂದ) ಇವು ಮೋಟು ಪದಗಳು, ಅಳತೆಗೆ ಸಿಗುತ್ತವೆಂದು ಬಂದು ಕೂರುತ್ತವೆ. ನೀವು ಪತ್ರ ಬರೆಯುವಾಗ ಅವನ್ನು ಬಳಸಲು ಹೋಗಬೇಡಿ. ಶೀರ್ಷಿಕೆಯನ್ನು ಕೊನೆಗೆ ಓದಿ.

ಮತ್ತೊಬ್ಬರು

ನನ್ನದು ಕಿವಿಯ ದಾರಿ. ಅಮೆರಿಕ ಸರ್ಕಾರದ ಬಾನುಲಿ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸುಮಾರು 1500 ಪದಗಳಿಗೆ ಸೀಮಿತವಾದ ಸ್ಪೆಷಲ್ ಇಂಗ್ಲಿಷ್ ಸುದ್ದಿ ಆರಂಭಿಸಿತ್ತು, ನಿಧಾನವಾಗಿ ಓದುತ್ತಿದ್ದರು. ಆ ಬಗೆಯ ಹಳೆಯ ಧ್ವನಿಮುದ್ರಣಗಳಿಂದ ಶುರುಮಾಡಿ ಆಮೇಲೆ ಮಾಮೂಲಿ ವಾರ್ತೆಗೆ ಬಂದೆ. ಪದದ ಉಚ್ಚಾರಣೆ ಮೊದಲೇ ಕಿವಿಗೆ ಬಿದ್ದಿದ್ದರಿಂದ ಓದುವಾಗ ತಡವರಿಸಲಿಲ್ಲ.

ಇನ್ನೊಂದು ಮಾತು, ಯಾರೂ ಹೇಳಲಿಲ್ಲವೆಂದು ಹೇಳುತ್ತಿದ್ದೇನೆ. ಪದ ಹೆಕ್ಕುತ್ತಾ ಕುಳಿತಾಗ ಆ ಸುದ್ದಿಯಲ್ಲಿರುವವರು ಮನುಷ್ಯರು ಎಂಬುದು ಒಂದೊಂದು ದಿನ ಥಟ್ಟನೆ ಎದೆಗೆ ತಾಗುತ್ತದೆ. ಅಂಥ ದಿನ ನಾನು ಭದ್ರತಾ ಮಂಡಳಿಯ ಸಭೆಯ ವರದಿಗೆ ಹೋಗುತ್ತೇನೆ. ‘ವೀಟೊ’, ‘ಅಬ್‌ಸ್ಟೇನ್’, ‘ಡ್ರಾಫ್ಟ್ ರೆಸಲ್ಯೂಷನ್’ ಎಂದು ಹದಿನೈದು ದೇಶಗಳು ಒಣ ಭಾಷೆಯಲ್ಲಿ ಜಗಳವಾಡುತ್ತಿರುತ್ತವೆ. ಪದಗಳಿಗೆ ಅಲ್ಲಿಯೂ ಬರವಿಲ್ಲ.